ವೀಬ್ಕೆಯ ಸ್ಪ್ರಿಂಗ್ ಕಾಲು

ಎಮ್ಸ್ ನದಿ ದಂಡೆಯ ಆ ಪುಟ್ಟ ಕ್ಲಬ್ಬಿನ ಉದ್ದಜಿಗಿತದ ಪಂದ್ಯದಲ್ಲಿ ವೀಬ್ಕೆಯಷ್ಟು ದೂರ ಯಾವ ಹುಡುಗಿಯೂ ಹಾರಿರಲಿಲ್ಲ. ಆದರೂ ಅಳೆಯುವ ಟೇಪು ಹಿಡಿದಿದ್ದ ಫೊಕ್ಕೊ, ಅವಳಪ್ಪನ ಜೊತೆ ದಿನಾ ಕೂತು ಕಲ್ಲುಸಕ್ಕರೆ ಚಹಾ ಕುಡಿಯುವ ಅದೇ ಫೊಕ್ಕೊ, ಎಲ್ಲರೆದುರು "ಇದು ಲೆಕ್ಕಕ್ಕಿಲ್ಲ" ಅಂದುಬಿಟ್ಟ. ಗೆದ್ದವರ ಹೆಸರು ಕೆತ್ತುವ ಹಲಗೆಯ ಮೇಲೆ ಎರಡನೆಯವಳಾದ ತೊಮ್ಮಾಳ ಹೆಸರು ಬರುತ್ತದಂತೆ! ಚಿಕ್ಕವಳಿದ್ದಾಗಿನಿಂದ ಆ ಹಲಗೆಯ ಮೇಲೆ ಕಣ್ಣಿಟ್ಟಿದ್ದ ವೀಬ್ಕೆಗೆ ಮೈಯೆಲ್ಲ ಉರಿದುಹೋಯಿತು.

"ಯಾಕೆ ಲೆಕ್ಕಕ್ಕಿಲ್ಲ ಮಾವ?"

"ಕೋಪ ಮಾಡ್ಕೋಬೇಡ ಮಗಳೇ. ಹಾರಿದ್ದು ನೀನಲ್ಲ, ನಿನ್ನ ಸ್ಪ್ರಿಂಗು."

ಬಲ ಮೊಣಕಾಲಿನ ಕೆಳಗೆ ಕಾಲಿನ ಬದಲು ಅವಳಿಗಿದ್ದದ್ದು ಕಾರ್ಬನ್ನಿನ ಒಂದು ಬಾಗಿದ ಪಟ್ಟಿ. ವೀಬ್ಕೆ ಅಲ್ಲೇ ನೆಲಕ್ಕೆ ಕೂತು, ಅದನ್ನು ಬಿಚ್ಚಿ, ಜಿಗಿಯುವ ಹಲಗೆಯ ಮೇಲೆ ಮಲಗಿಸಿದಳು.

"ಹಂಗಾದ್ರೆ ಅದೇ ಹಾರ್ಲಿ. ನಾನು ಕೂತು ನೋಡ್ತೀನಿ."

ಪಟ್ಟಿ ಅಲ್ಲಾಡಲಿಲ್ಲ. ಸಾಸೇಜು ತಿನ್ನುತ್ತ ಪಂದ್ಯ ನೋಡುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಫೊಕ್ಕೊನ ಕಿವಿ ಕೆಂಪಾಯಿತು.

"ಒತ್ತಿ ನೋಡಿ ಮಾವ! ಎಷ್ಟು ಒತ್ತಿದ್ರೋ ಅಷ್ಟನ್ನ ಬಚ್ಚಿಟ್ಕೊಂಡು ವಾಪಸ್ ಕೊಡುತ್ತೆ. ಅದ್ರಲ್ಲೂ ಒಂಚೂರು ಬಿಸಿಯಾಗಿ ಸೋರಿ ಹೋಗುತ್ತೆ. ನಿಮ್ಮ ಮೀನಖಂಡ ಹೊಸ ಬಲ ಹುಟ್ಟಿಸುತ್ತೆ, ಇದಕ್ಕೆ ಆ ಯೋಗ್ಯತೆನೇ ಇಲ್ಲ. ಓಡಿ ಬಂದು, ಮೈಭಾರ ಹಾಕಿ, ಇದನ್ನ ಬಗ್ಗಿಸಿದ್ದು ಯಾರು? ನಿಮ್ಮಜ್ಜಿನಾ?"

ಫೊಕ್ಕೊ ಒತ್ತಲಿಲ್ಲ. ಟೇಪು ಸುತ್ತಿ ಜೇಬಿಗಿಳಿಸಿದ. "ನಿಯಮ ಅಂದ್ರೆ ನಿಯಮ. ಹಠ ಸಾಕು."

"ನಂದಿನ್ನೊಂದು ಸರದಿ ಬಾಕಿ ಇದೆ."

ಪಟ್ಟಿ ಕಟ್ಟಿಕೊಂಡು ಹಿಂದಕ್ಕೆ ನಡೆದಳು. ಆಮೇಲೆ ಓಡಿದಳು ನೋಡಿ, ಸಿಟ್ಟನ್ನೆಲ್ಲ ಕಾಲಿಗೆ ತುಂಬಿಕೊಂಡು! ಪಟ್ಟಿ ಅವಳ ಭಾರಕ್ಕೆ ಬಗ್ಗಿತು, ಆ ಬಲವನ್ನು ಕ್ಷಣ ಹಿಡಿದು ಬಿಟ್ಟಿತು. ತನ್ನದೇ ಮೊದಲ ಗುರುತು ದಾಟಿ ಮರಳಿಗೆ ಬಿದ್ದಳು. ಬಿದ್ದವಳು ಏಳಲೇ ಇಲ್ಲ.

"ಏಳಮ್ಮ, ಮರಳು ಸಮ ಮಾಡ್ಬೇಕು," ಅಂದ ಫೊಕ್ಕೊ.

"ಅಳೆಯೋವರೆಗೂ ಏಳಲ್ಲ. ಬೇಕಾದ್ರೆ ಪೊಲೀಸ್ನೋರನ್ನ ಕರೀರಿ."

ಅಷ್ಟು ಹೊತ್ತು ದೂರ ನಿಂತಿದ್ದ ತೊಮ್ಮಾ ಸರಸರ ಬಂದು, ಫೊಕ್ಕೊನ ಜೇಬಿಗೆ ಕೈಹಾಕಿ ಟೇಪು ಎಳೆದಳು. ತುದಿಯನ್ನು ವೀಬ್ಕೆಯ ಗುರುತಿಗೆ ಒತ್ತಿ ಹಿಡಿದಳು.

"ಆ ಕಡೆ ಹಿಡೀರಿ. ಇವಳನ್ನ ಹೊರಗಿಟ್ಟು ನನ್ನ ಹೆಸರು ಕೆತ್ತಿದ್ರೆ, ನಾನೇ ಉಳಿ ತಂದು ಕಿತ್ತು ಹಾಕ್ತೀನಿ."

ಫೊಕ್ಕೊ ಬಗ್ಗಿದ. ಅಂಕಿಯನ್ನು ಬಾಯೊಳಗೇ ಗೊಣಗಿದ.

"ಕೇಳಿಸ್ಲಿಲ್ಲ," ಅಂದಳು ವೀಬ್ಕೆ, ಮರಳಲ್ಲಿ ಕೂತೇ. "ಮೈಕಲ್ಲಿ ಹೇಳಿ."

ಫೊಕ್ಕೊ ಸೊಂಟ ಹಿಡಿದುಕೊಂಡು ಎದ್ದು, ಮೈಕಿನ ಕಡೆ ನಡೆದ.