ಕೀಲಿನೊಳಗಿನ ನೊರೆ

ಬಚ್ಚಲ ಗೋಡೆಯ ಗೂಡಿನಿಂದ ಇಳಿದ ಇರುವೆ ಸಾಲು ಕತ್ತಿ ಮಸೆಯುವ ಚರ್ಮದ ಪಟ್ಟಿಯನ್ನು ದಾಟಿ ಹೋಗುತ್ತಿದೆ, ದಾಟಲಿ, ಅವಕ್ಕೇನು ಗೊತ್ತು ಇದು ಯಾರ ಪಟ್ಟಿಯೆಂದು — ಗುರುಶಾಂತಮ್ಮ ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದನ್ನು ಎಡಗೈಯಲ್ಲಿ ಜಗ್ಗಿ ಹಿಡಿದಳು, ಗಡ್ಡದ ಕತ್ತಿಯನ್ನು ಮಾತ್ರ ಇನ್ನೂ ಬಿಚ್ಚಿಲ್ಲ, ಹೋದ ಶ್ರಾವಣದಲ್ಲಿ ಗಂಡ ಸೋಮಶೇಖರಪ್ಪ ಹೇಗೆ ಮಡಚಿಟ್ಟಿದ್ದನೋ ಹಾಗೆಯೇ ದಂತದ ಹಿಡಿಯೊಳಗೆ ಮಲಗಿದೆ. ಅಂಗಳದಲ್ಲಿ ಚಪ್ಪರಕ್ಕೆ ತೋರಣ ಕಟ್ಟುವವರ ಗದ್ದಲ. ಮೈದುನ ಮರಿಬಸಪ್ಪನಿಗೆ ಇವತ್ತು ಮೊದಲ ಗಡ್ಡ, ನಾಳೆ ಲಗ್ನ, ಈ ಮನೆಯ ಗಂಡುಮಕ್ಕಳ ಗಲ್ಲಕ್ಕೆ ಮೊದಲು ಕತ್ತಿ ತಾಗುವುದು ಮದುವೆಯ ಚಪ್ಪರದ ಕೆಳಗೇ, ಅಲ್ಲಿಯವರೆಗೆ ಬೆಳೆದಷ್ಟು ಬೆಳೆಯಲಿ ಎಂದು ಬಿಟ್ಟಿರುತ್ತಾರೆ, ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭವೂ ಆಗಬೇಕು, ಅದೂ ಪದ್ಧತಿ, ಸತ್ತವನ ವರ್ಷ ತುಂಬುವುದರೊಳಗೆ ವಾಲಗ. ಬೆಳಿಗ್ಗೆ ಅತ್ತೆ ವೀರಬಸಮ್ಮ ಬಾಗಿಲಲ್ಲಿ ನಿಂತು, ಮುಖ ನೋಡದೆ, ಅಣ್ಣನ ಕತ್ತೀಲೇ ತಮ್ಮಗ ಗಡ್ಡ ಆಗಲಿ, ಅವನ ಆಶೀರ್ವಾದ ಇದ್ದಂಗ ಆಕ್ಕೈತಿ, ಗಡ್ಡ ಮಾಡೋ ಹಡಪದ ಸಿದ್ದಬಸಪ್ಪ ಆ ಇಂಗ್ಲೀಷು ಕತ್ತಿ ಮಸಿಯೋದು ನನಗ ಬರಂಗಿಲ್ರೀ ಅಂತಾನ, ನಿನಗ ಬರತೈತಲ್ಲ, ಮಸದು ಬಚ್ಚಲ ಹೊಸ್ತಿಲದಾಗ ಇಡು, ನಿನ್ನ ನಾದಿನಿ ಹೂವಮ್ಮ ತಗೊಂಡು ಹೊಕ್ಕಾಳ, ನೀ ತರಬ್ಯಾಡವ್ವಾ, ಮದುಮಗನ ಎದುರಿಗೆ ಬರಬ್ಯಾಡ, ಎಂದಿದ್ದರು. ಕೈ ಬೇಕು, ಮುಖ ಬೇಡ. ಆಗಲಿ. ಮಸೆಯುವುದು ಕಲಿಸಿದವನು ಗಂಡನೇ, ಮದ್ರಾಸಿನ ಅಂಗಡಿಯಿಂದ ಕತ್ತಿ ತಂದ ವಾರವೇ, ಬಿ.ಎ. ಓದಿದಾಕಿಗೆ ರೊಟ್ಟಿ ಬಡಿಯೋದು ಬರಂಗಿಲ್ಲ, ಇದನ್ನಾರ ಕಲಿ, ಎಂದು ನಕ್ಕಿದ್ದ, ಕತ್ತೀ ಬೆನ್ನು ಮುಂದ, ಬಾಯಿ ಹಿಂದ ಇರಬೇಕು ನೋಡು, ಬಾಯಿ ಮುಂದಾದರ ಪಟ್ಟಿ ಸೀಳತೈತಿ — ನಿಮ್ಮವ್ವಾರೂ ನಾ ಬಂದ ದಿನ ಇದನ್ನ ಹೇಳ್ಯಾರ ಬಿಡ್ರಿ, ಎಂದಿದ್ದಳು, ಮುಖದ ತುಂಬ ಸೋಪು ಹಚ್ಚಿಕೊಂಡು ಅವನು ನಕ್ಕ ರಭಸಕ್ಕೆ ನೊರೆ ಹಾರಿ ಅವಳ ಕುಂಕುಮದ ಮೇಲೆ ಬಿದ್ದಿತ್ತು, ಬಿಳಿ ನೊರೆ, ಅದರಲ್ಲಿ ಕಪ್ಪು ಚುಕ್ಕಿ.

ಕತ್ತಿ ಬಿಚ್ಚಿದಳು. ಅಲಗು ಶುಚಿಯಾಗಿದೆ, ಅಲಗನ್ನು ಅವನು ಯಾವತ್ತೂ ಒರೆಸದೆ ಇಟ್ಟವನಲ್ಲ, ಅಲಗು ಹಿಡಿಗೆ ಕೂಡುವ ಕೀಲನ್ನು ಮಾತ್ರ ಮರೆಯುತ್ತಿದ್ದ — ಕೀಲಿನ ಸಂದಿಯಲ್ಲಿ ಒಣಗಿದ ಸೋಪು, ಸುಣ್ಣದ ಹಾಗೆ ಬಿಳಿ, ಅದರ ತುಂಬ ಕಪ್ಪು ಚುಕ್ಕಿಗಳು, ಅವನ ಗಡ್ಡದ ಕೂದಲು. ಅವತ್ತಿನದು. ಅವತ್ತು ಅವನು ಹತ್ತಿ ವ್ಯಾಪಾರ ಮಾಡುವ ಆದೋನಿಯ ಅಡತಿ ಅಂಗಡಿಯಿಂದ ಸುದ್ದಿ ಬಂದಿತ್ತು, ಹೊಳೆಯಾಚೆ ಹತ್ತಿ ಚಲೋ ಐತಿ ಅಂತ, ಹತ್ತಿಯವರ ಎದುರು ಗಡ್ಡ ಬಿಟ್ಟು ಹೋದರೆ ದಿವಾಳಿ ಎದ್ದಾನ ಅಂತಾರ ಎಂದು ಅವಸರದಲ್ಲಿ, ಕೊರಳ ಲಿಂಗದ ಶಿವದಾರವನ್ನು ಬೆನ್ನಿಗೆ ಹಾಕಿಕೊಂಡು, ಕನ್ನಡಿಗೆ ಬಗ್ಗಿ ಗಡ್ಡ ಕೆರೆದುಕೊಳ್ಳುತ್ತ, ಸಂಜಿಗೆ ಬರ್ತೀನಿ, ಸಜ್ಜಿ ರೊಟ್ಟಿ ಮಾಡಿಸು, ಎಂದಿದ್ದ. ಮಾಧವರಂನಲ್ಲಿ ತುಂಗಭದ್ರೆ ತುಂಬಿತ್ತು, ಹರಿಗೋಲು ಸುಳಿಗೆ ಸಿಕ್ಕಿ ತಿರುಗಿತು. ಹೊಳೆ ಅವನನ್ನು ಮರಳಿ ಕೊಟ್ಟಾಗ ಗಲ್ಲದ ಮೇಲೆ ಗಡ್ಡ ಎದ್ದಿತ್ತು, ಸತ್ತಮ್ಯಾಲೂ ಬೆಳದೈತಿ ನೋಡ್ರೆವ್ವಾ, ಜೀವ ಹೋಗಲಾರದ ಹೋಗೈತಿ, ಎಂದು ಹೆಂಗಸರು ಬಾಯಿ ಬಡಿದುಕೊಂಡರು, ಇಲ್ಲ, ಹೆಣದ ಗಡ್ಡ ಬೆಳೆಯುವುದಿಲ್ಲ, ಚರ್ಮ ಕುಗ್ಗುತ್ತದೆ, ಕೂದಲು ಎದ್ದು ಕಾಣುತ್ತದೆ ಅಷ್ಟೇ, ಕಾಲೇಜಿನಲ್ಲಿ ಓದಿದ್ದು ಅದೊಂದೇ ಆಗ ನೆನಪಿಗೆ ಬಂದದ್ದು, ಇದಕ್ಕೇ ಓದಿಸಿದ್ದರೇ ಅಪ್ಪ. ವಿಭೂತಿ ಬಳಿದು, ಕೂಡಿಸಿ, ಪೆದ್ದಕಡುಬೂರಿನ ಹೊಲದಲ್ಲಿ ಮಣ್ಣು ಮಾಡಿದರು. ಕೋಟು ಮರಿಬಸಪ್ಪನಿಗೆ ಹೋಯಿತು, ಗಡಿಯಾರ ಹೂವಮ್ಮನ ಗಂಡನಿಗೆ, ತಲೆದಿಂಬಿನ ಚೀಲವನ್ನು ಅತ್ತೆ ಅವತ್ತೇ ಒಗೆದು ಹಾಕಿದರು, ವಾಸನೆ ಕೂಡ ಉಳಿಯಲಿಲ್ಲ. ಹೊಲದಲ್ಲಿರುವುದು ಹೊಳೆಯಿಂದ ಬಂದದ್ದು. ಬದುಕಿದ್ದವನ ಗಲ್ಲದಿಂದ ಬಂದದ್ದು ಇದೊಂದೇ, ಈ ಕೀಲಿನ ಸಂದಿಯಲ್ಲಿ.

ಕತ್ತಿಯನ್ನು ಹೀಗೇ ಕೊಟ್ಟರೆ ಹಡಪದ ನೀರಲ್ಲಿ ಅದ್ದಿ ಜಾಡಿಸುತ್ತಾನೆ, ಮುಗಿಯಿತು. ಮೊದಲು ಮಸೆದಳು, ಬೆನ್ನು ಮುಂದೆ, ಬಾಯಿ ಹಿಂದೆ, ಪಟ್ಟಿಯ ಮೇಲೆ ಅದೇ ಸಪ್ಪಳ. ಕಿಟಕಿಯಾಚೆಯಿಂದ ಮೈದುನನ ದನಿ, ಅತ್ತಿಗೀ, ಬರೇ ಗಡ್ಡ ತೆಗಿತೈತೋ ಮೂಗೂ ತೆಗಿತೈತೋ ನೋಡಿ ಮಸೀರಿ, ಮೂಗಿಲ್ಲದ ಮದುಮಗ ಬಂದಾನಂತ ಹಾಲಹರವಿ ಬೀಗರು ಹೆಣ್ಣು ತಿರುಗಿಸ್ಕೊಂಡು ಹೋದಾರು! ಸುಮ್ಮನ ಮಣಿ ಮ್ಯಾಲೆ ಕುಂದ್ರು ಹೋಗೋ, ಎಂದಳು, ದನಿ ಎಲ್ಲಿಂದ ಬಂತೋ. ಅವನು ಹೋಗಲಿಲ್ಲ, ಸಣ್ಣಗೆ, ಅಣ್ಣನ ಕತ್ತಿ ಬ್ಯಾಡಂದಿದ್ದೆ ಅತ್ತಿಗಿ, ಅವ್ವ ಕೇಳಲಿಲ್ಲ, ಎಂದ. ಒಳ್ಳೆಯ ಹುಡುಗ. ಒಳ್ಳೆಯವನಾಗಿ ಏನು ಬಂತು. ತನ್ನದೇ ಒಂದು ಕೂದಲು ಕಿತ್ತು ಅಲಗಿಗೆ ತಾಗಿಸಿದಳು, ಸದ್ದಿಲ್ಲದೆ ಎರಡಾಯಿತು. ಆಮೇಲೆ ತುರುಬಿನ ಸೂಜಿಯಿಂದ ಕೀಲನ್ನು ಮೆಲ್ಲಗೆ ಕೆದಕಿದಳು, ಚೂರು ಚೂರಾಗಿ ಅಂಗೈಗೆ ಉದುರಿತು, ಬಿಳಿಯಲ್ಲಿ ಕಪ್ಪು — ಗಂಡ ಅಂಗಡಿಯಲ್ಲಿ ಅರಳೆಯನ್ನು ಹೀಗೇ ಅಂಗೈ ಮೇಲೆ ಹರವಿ ನೋಡುತ್ತಿದ್ದ, ಎಷ್ಟು ಬೆಳ್ಳಗಿದ್ದರೂ ಒಂದು ಕಪ್ಪು ಕಸ ಸಿಕ್ಕೇ ಸಿಗುತ್ತಿತ್ತು, ಅದನ್ನು ಉಗುರಿನಿಂದ ಎತ್ತಿ ಅವಳ ಕಡೆ ಊದುತ್ತಿದ್ದ. ಕತ್ತಿಯನ್ನು ಹೊಸ್ತಿಲ ಮೇಲಿಟ್ಟಳು. ಇದನ್ನು ಎಲ್ಲಿಡುವುದು. ಕುಂಕುಮದ ಭರಣಿ ಹೇಗೂ ಖಾಲಿ, ಅದರಲ್ಲಿ, ಆದರೆ ಭರಣಿ ಒಳಕೋಣೆಯಲ್ಲಿ, ಒಳಕೋಣೆಗೆ ಅಂಗಳ ದಾಟಬೇಕು, ಅಂಗಳದಲ್ಲಿ ಮದುಮಗ ಕೂತಾಗಿದೆ. ಸೆರಗಿಗೆ ಕಟ್ಟಿಕೊಂಡರಾಯಿತು, ಎಡಗೈ ಮುಚ್ಚಿಯೇ ಬಲಗೈಯಿಂದ ಸೆರಗಿನ ತುದಿ ಹುಡುಕುತ್ತಾಳೆ, ಸೊಂಟಕ್ಕೆ ಸಿಕ್ಕಿಸಿದ್ದು ಬರುತ್ತಿಲ್ಲ, ಬರುತ್ತಿಲ್ಲ —

ಆತೇನ್ರಿ ಅತ್ತಿಗಿ, ಸಿದ್ದಬಸಪ್ಪ ಆಗಲೇ ಗಲ್ಲಕ್ಕ ನೀರು ತಟ್ಟ್ಯಾನ, ನಾದಿನಿ ಹೂವಮ್ಮ, ಕೈತುಂಬ ಹಸಿರು ಬಳೆ, ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ತಂಬಿಗೆ, ಹೊಸ್ತಿಲ ಮೇಲಿನ ಕತ್ತಿಗೆ ನೀರು ಹಾಕಿ, ತಂಬಿಗೆ ಕೆಳಗಿಟ್ಟು, ತಟ್ಟೆಗೆ ಎತ್ತಿಕೊಂಡಳು, ಅತ್ತಿಗೆಯನ್ನು ಮುಟ್ಟದಂತೆ, ಆಮೇಲೆ ನೋಡಿ, ಪಾಪ, ನಿಜವಾದ ಕಕ್ಕುಲಾತಿಯಿಂದ, ಅಯ್ಯ, ಕೈಯೆಲ್ಲ ಹೊಲಸು ಮಾಡ್ಕೊಂಡೀರಿ, ಚಾಚ್ರಿ ಇತ್ತ. ಬೇಡ ಎನ್ನಬೇಕು. ಬಾಯಿ ಹಿಂದೆ. ತಂಬಿಗೆ ಎದ್ದು ಬಗ್ಗಿತು, ನೀರು ಬಿದ್ದರೆ ಅಂಗೈ ತಾನಾಗಿಯೇ ತೆರೆಯುತ್ತದೆ, ತೆರೆಯಿತು, ಶ್ರಾವಣದಿಂದ ಒಣಗಿದ್ದು ನೀರು ಸೋಕಿದ್ದೇ ತಡ ಮತ್ತೆ ನೊರೆಯಾಯಿತು, ಹಸಿ ನೊರೆ, ಸೋಪಿನ ವಾಸನೆ, ಈಗಷ್ಟೇ ಕನ್ನಡಿಯಿಂದ ಈಚೆ ತಿರುಗಿದವನ ವಾಸನೆ, ಬೆರಳ ಸಂದಿಯಿಂದ ಕಲ್ಲಿಗೆ, ಕಲ್ಲಿನಿಂದ ಬಚ್ಚಲ ತೂತಿನ ಅಂಚಿಗೆ, ಅಲ್ಲಿ ಹರಿಗೋಲಿನ ಹಾಗೆ ಒಂದು ಸುತ್ತು ತಿರುಗಿತು — ಬಿಳಿ ನೊರೆ, ಅದರಲ್ಲಿ ಕಪ್ಪು ಚುಕ್ಕಿ, ಬಿಳಿ ನೊರೆ, ಅದರಲ್ಲಿ —