ಫೋನಿನಲ್ಲೇ ಮುಗಿದ ತಪಾಸಣೆ

ಮಹಾಮಾರಿ ಬಂದು ಹೋಗಿ, ಜನ ಮುಖದ ಮಾಸ್ಕು ಕಿತ್ತೆಸೆದು ಓಡಾಡುತ್ತಿದ್ದರೂ ಬಡಾವಣೆಯ ಕ್ಲಿನಿಕ್ಕು ಮಾತ್ರ ಬಾಗಿಲಿಗೆ ಅಡ್ಡಲಾಗಿ ಮೇಜು ಹಾಕಿಕೊಂಡೇ ಕೂತಿತ್ತು. ಕೆಮ್ಮು ಎಂದವರಿಗೆ ಒಳಗೆ ಪ್ರವೇಶವಿಲ್ಲ. ಫೋನು ಮಾಡಬೇಕು, ಡಾಕ್ಟರು ಕೂತಲ್ಲಿಂದಲೇ ಮದ್ದು ಹೇಳುತ್ತಾರೆ.

ಅಲ್ಲಿನ ಬಡಗಿಯೊಬ್ಬನಿಗೆ ಕೆಮ್ಮು ಹಿಡಿದಾಗ, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅವನ ಅಕ್ಕನಿಗೆ ಮೊದಮೊದಲು ಇದು ಹಿತವೆನಿಸಿತ್ತು. ಹೊಲಿಗೆ ಬಿಟ್ಟು ಏಳಬೇಕಿರಲಿಲ್ಲ. ಆದರೆ ತಮ್ಮನ ಕೆಮ್ಮು ನಿಲ್ಲಲಿಲ್ಲ. ಬಾಗಿಲಷ್ಟು ಅಗಲವಿದ್ದ ಆಳು ಉಳಿ ಹಿಡಿದರೆ ಏದುಸಿರು ಬಿಡತೊಡಗಿದ. ಫೋನು ಮಾಡಿದಾಗಲೆಲ್ಲ ಡಾಕ್ಟರದು ಒಂದೇ ರಾಗ: "ಆ ಕಾಯಿಲೆ ಬಿಟ್ಟುಹೋದ ಕೆಮ್ಮು ಅಮ್ಮಾ. ಅದೇ ಸಿರಪ್ ಕೊಡ್ತಾ ಇರಿ."

"ಇಳಿದುಹೋಗಿದಾನೆ ಡಾಕ್ಟ್ರೇ. ಒಂದ್ಸಲ ಕಣ್ಣಲ್ಲಿ ನೋಡಿ."

"ಎಲ್ರೂ ಹೀಗೇ ಹೇಳ್ತಾರೆ."

ಒಂದು ಬೆಳಿಗ್ಗೆ ತಮ್ಮ ಮೆಟ್ಟಿಲ ನಡುವೆ ಕುಸಿದು ಕೂತ. "ಹತ್ತೋಕಾಗ್ತಿಲ್ಲ ಕಣೇ ಅಕ್ಕಾ," ಎಂದು ನಗಲು ನೋಡಿದ. ಕರ್ಚೀಫಿನಲ್ಲಿ ರಕ್ತವಿತ್ತು. ಅಕ್ಕನ ಪಿತ್ತ ನೆತ್ತಿಗೇರಿತು. ಅವನನ್ನು ಕ್ಲಿನಿಕ್ಕಿಗೆ ಎಳೆದುತಂದಳು.

"ಮೊದಲು ಫೋನ್ ಮಾಡಿ," ಎಂದಳು ಮೇಜಿನ ಹಿಂದಿದ್ದವಳು.

ಅಕ್ಕ ಅವಳೆದುರೇ ಫೋನು ಮಾಡಿದಳು. ಮೇಜಿನ ಮೇಲಿನ ಫೋನು ಬಡಿದುಕೊಂಡಿತು. "ಎತ್ತು! ಬಾಗಿಲಲ್ಲೇ ನಿಂತಿದೀನಿ ಅಂತ ಹೇಳ್ಬೇಕು." ಅವಳು ಕಣ್ಣು ಕಣ್ಣು ಬಿಡುತ್ತಿದ್ದಂತೆ ಅಕ್ಕ ಮೇಜನ್ನು ಪಕ್ಕಕ್ಕೆ ದಬ್ಬಿ ತಮ್ಮನನ್ನು ಒಳನುಗ್ಗಿಸಿದಳು.

ಡಾಕ್ಟರು ರೇಗುತ್ತ ಹೊರಬಂದರು. "ಏನ್ರೀ ಇದು, ಸಂತೆನಾ?"

"ಇವನ ಬೆನ್ನಿಗೆ ಸ್ಟೆತಸ್ಕೋಪ್ ಇಡಿ. ಆಮೇಲೆ ಬೇಕಾದ್ರೆ ಪೊಲೀಸರನ್ನ ಕರೀರಿ."

ಇಟ್ಟರು. ಬಲಗಡೆ ಮತ್ತೆ ಮತ್ತೆ ಇಟ್ಟರು. "ಈ ಕಡೆ ಉಸಿರೇ ಕೇಳಿಸ್ತಿಲ್ಲ. ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ. ಸ್ವಲ್ಪ ಮೊದಲೇ ಕರ್ಕೊಂಡು ಬರಬಾರದಿತ್ತಾ?"

"ಮೊದಲೇ? ಯಾವ ಬಾಯಲ್ಲಿ ಕೇಳ್ತೀರಾ ಇದನ್ನ? ಬಾಗಿಲು ಹಾಕ್ಕೊಂಡಿದ್ದೋರು ಯಾರು?"

ಬಡಗಿ ಬದುಕಿದ. ಆದರೆ ಕ್ಷಯ ಒಂದು ಶ್ವಾಸಕೋಶವನ್ನು ತಿಂದುಹಾಕಿತ್ತು. ಗರಗಸ ಎಳೆಯುವ ಕಸುವು ಮರಳಲಿಲ್ಲ. ಅವನು ಮನೆಗೆ ಬಂದ ಮೇಲೆ ಡಾಕ್ಟರೇ ಹುಡುಕಿಕೊಂಡು ಬಂದರು.

"ತಪ್ಪಾಯ್ತು. ಆಗ ಹೆದರಿದ್ವಿ, ಆಮೇಲೆ ಅದೇ ಅಭ್ಯಾಸ ಆಗ್ಹೋಯ್ತು. ಈಗ ಎಲ್ಲರನ್ನೂ ಒಳಗೇ ನೋಡ್ತಿದೀವಿ."

ತಮ್ಮ "ಪರವಾಗಿಲ್ಲ" ಎನ್ನಲು ಬಾಯಿ ತೆರೆದ.

"ಸುಮ್ನಿರೋ. ಮರ್ಯಾದೆಗೆ ಸುಳ್ಳು ಹೇಳ್ಬೇಡ," ಎಂದು ಗದರಿ, ಅಕ್ಕ ಡಾಕ್ಟರ ಕಡೆ ತಿರುಗಿದಳು. "ಫೋನಲ್ಲೇ ಸಿರಪ್ ಹೇಳಿ ಕಳಿಸಿದ್ರಲ್ಲ, ಆ ಉಳಿದವರನ್ನೆಲ್ಲ ಕರೆಸಿ ನೋಡಿದ್ರಾ?"

"ಇನ್ನೂ ಇಲ್ಲ," ಎಂದರು ಡಾಕ್ಟರು.

"ಮತ್ತೆ ಇಲ್ಲೇನ್ ಕೂತಿದೀರಾ? ಏಳಿ, ಹೋಗಿ ಕರೀರಿ!"