ಯಾವ ಬ್ಯಾಟರಿ ಎಂದು ಕೇಳಲಿಲ್ಲ

ಸಾಗರದ ಕಣ್ಣಿನಾಸ್ಪತ್ರೆಯಿಂದ ವಾಪಸ್ ಬರುತ್ತ ಆನಂದಪುರ ದಾಟಿ ರಿಪ್ಪನ್‌ಪೇಟೆಯ ರಸ್ತೆಗೆ ತಿರುಗಿದಾಗ, ನಮ್ಮ ಎಲೆಕ್ಟ್ರಿಕ್ ಕಾರು ಇನ್ನೂ ನಲವತ್ತು ಕಿಲೋಮೀಟರ್ ಓಡುತ್ತದೆ ಎಂದು ಪರದೆ ತೋರಿಸುತ್ತಿತ್ತು. ನಮ್ಮ ಮನೆಗೆ ಅದರ ಅರ್ಧದಷ್ಟು ದೂರವೂ ಇರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ, "ಇವತ್ತು ಹೊತ್ತು ಮುಳುಗೋದ್ರೊಳಗೆ ಊಟ," ಎಂದೆ.

ಮಾತು ಮುಗಿಯುವಷ್ಟರಲ್ಲಿ ನಲವತ್ತು ಹೋಗಿ ಒಂಬತ್ತು ಬಂತು. ನಾನೇ ತಪ್ಪು ಓದಿದೆನೇನೋ ಎಂದುಕೊಂಡೆ. ಮುಂದಿನ ಏರಿನಲ್ಲಿ ಒಂಬತ್ತೂ ಹೋಯಿತು. ಅಂಕಿ ಇದ್ದ ಜಾಗದಲ್ಲಿ ಬರೀ ಗೀಟುಗಳು, ಪಕ್ಕದಲ್ಲಿ ಹಳದಿ ಬಣ್ಣದ ಒಂದು ಆಮೆ. "ಆಮೆ ಬಂತಲ್ಲ," ಎಂದೆ.

"ಅದೇನೋ ಪುಷ್ಪರಾಜ, ಆಮೆ?"

"ನಿಧಾನ ಹೋಗು ಅಂತ, ಅಮ್ಮ."

"ನಿಧಾನವಾಗೇ ಹೋಗ್ತಿದೀಯಲ್ಲೋ. ಸೈಕಲ್‌ನೋರು ಮುಂದೆ ಹೋದ್ರು."

ಏರು ಮುಗಿಯಲಿಲ್ಲ. ಕಾರು ಸದ್ದಿಲ್ಲದೆ ನಿಂತಿತು. ಪೆಟ್ರೋಲ್ ಗಾಡಿಯಾದರೆ ಕೆಮ್ಮಿ, ನಡುಗಿ, ಏನಾದರೂ ಸೂಚನೆ ಕೊಟ್ಟು ನಿಲ್ಲುತ್ತದೆ. ಇದು ಹಾಗಲ್ಲ. ನನ್ನ ಕಾಲು ಪೆಡಲಿನ ಮೇಲೆಯೇ ಇತ್ತು, ಒತ್ತಿದರೂ ಕಾರು ಕದಲಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ.

ಈ ಕಾರು ಕೊಂಡದ್ದೇ ಅಮ್ಮನ ಊಟಕ್ಕಾಗಿ. ಹೀಗೆಂದರೆ ನಾನು ಕೆಲಸ ಮಾಡುವ ಸಹಕಾರ ಸಂಘದಲ್ಲಿ ಜೊತೆಯ ಗುಮಾಸ್ತರು ನಗುತ್ತಾರೆ. ನಾವು ಜೈನರು. ಅಮ್ಮ ಮದುವೆಯಾಗಿ ಬಂದಾಗಿನಿಂದ ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನನ್ನೂ ಇಟ್ಟವರಲ್ಲ. ಹಣ್ಣೂ ಇಲ್ಲ, ಹಾಲೂ ಇಲ್ಲ. ದಾರಿಯಲ್ಲಿ ಕೂತು ಬುತ್ತಿ ಬಿಚ್ಚುವುದೂ ಅವರಿಗೆ ಆಗದ ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುವಾಗುವವರೆಗೆ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಸಾಗರದ ಕಣ್ಣಿನ ಡಾಕ್ಟರು ನೋಡುವುದು ಮಧ್ಯಾಹ್ನದ ಮೇಲೆ. ಬಸ್ಸು ಬದಲಿಸಿ ಮನೆ ಸೇರುವಾಗ ಕತ್ತಲಾಗುತ್ತಿತ್ತು. ಕಳೆದ ಸಲ ಹಾಗೆ ಉಪವಾಸ ಮಲಗಿದ ಅಮ್ಮ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಮೇಲೆ ಕಣ್ಣು ಬಿಟ್ಟರು. "ಇನ್ನೊಂದ್ಸಲ ಹೀಗಾದ್ರೆ ನಮ್ಮ ಕೈಲಿಲ್ಲ," ಎಂದರು ಅಲ್ಲಿನ ಡಾಕ್ಟರು. ವ್ರತ ಬಿಡು ಎಂದು ಅಮ್ಮನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಕಾರು ಕೊಳ್ಳುವ ಧೈರ್ಯ ಬಂತು.

ಕೊಂಡದ್ದು ತೀರ್ಥಹಳ್ಳಿಯ ಪಾರ್ಶ್ವರಾಜ ಮಾವನಿಂದ, ಅವರು ಓಡಿಸುತ್ತಿದ್ದ ಗಾಡಿಯನ್ನೇ. ಅಮ್ಮನ ದೊಡ್ಡಪ್ಪನ ಮಗ, ಬಟ್ಟೆ ಅಂಗಡಿ ನಡೆಸಿದವರು. ಸುಳ್ಳು ಹೇಳುವುದಿಲ್ಲ ಎಂದು ಹರೆಯದಲ್ಲೇ ವ್ರತ ತೊಟ್ಟವರು. ನಮ್ಮ ಕಡೆ ಹೆಣ್ಣು ಗಂಡಿನ ವಿಷಯವಾಗಲಿ, ಪಾಲಿನ ಜಗಳವಾಗಲಿ, ಅವರನ್ನು ಒಂದು ಮಾತು ಕೇಳಿದರೆ ಮುಗಿಯಿತು. ಏನು ಕೇಳಿದರೂ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡ ಮೇಲೆಯೇ ಉತ್ತರ.

ನಾನು ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಓದಿದವನು. ಮೇಷ್ಟರು ಹೇಳಿದ್ದನ್ನು ಎರಡೆರಡು ಸಲ ಕೇಳುವ ಚಾಳಿ ಅಲ್ಲಿಂದಲೇ ಅಂಟಿದೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಅರ್ಧ ದಾರಿಯಿಂದ ವಾಪಸ್ ಬಂದು ನೋಡುತ್ತೇನೆ. ಆದರೆ ಆ ದಿನ, "ಬ್ಯಾಟರಿ ಹೇಗಿದೆ ಮಾವ?" ಎಂದು ಒಂದೇ ಸಲ ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಬ್ಯಾಟರಿ ಹೊಸದು ಹಾಕ್ಸಿದೀನಿ," ಎಂದರು. ಅವರನ್ನು ಎರಡನೇ ಸಲ ಕೇಳುವುದೆಂದರೆ ಅವಮಾನ ಮಾಡಿದಂತೆ ಎಂದು ಸುಮ್ಮನಾದೆ.

ಕಾರು ನಿಂತಲ್ಲಿ ರಸ್ತೆಯ ಪಕ್ಕ ಒಂದೇ ಒಂದು ಮನೆ ಇತ್ತು. ಆ ಮನೆಯ ರಂಗಮ್ಮ ಎಂಬ ಹೆಂಗಸು ಬೇಲಿಯ ಹತ್ತಿರ ಬಂದು ನೋಡಿದರು. "ಕರೆಂಟ್ ಗಾಡಿನಾ? ಪಂಪ್‌ಸೆಟ್ಟಿನ ಪ್ಲಗ್ ಐತೆ, ಚುಚ್ಕಳಿ. ಕರೆಂಟ್ ಬಂದಾಗ ಆಗ್ಲಿ," ಎಂದರು.

ಕರೆಂಟ್ ಇರಲಿಲ್ಲ. ಬಂದೀತೆಂದು ಬಹಳ ಹೊತ್ತು ಕಾದೆವು, ಬರಲಿಲ್ಲ. ಬಸ್ಸು ಆಗಲೇ ಹೋಗಿತ್ತು. ಆಟೋಗೆ ಫೋನ್ ಮಾಡಿ ತಿರುಗಿ ನೋಡಿದರೆ ಅಮ್ಮನ ಹಣೆಯ ಮೇಲೆ ಬೆವರು. ಕೈ ಮುಟ್ಟಿದೆ. ತಣ್ಣಗಿತ್ತು, ನಡುಗುತ್ತಿತ್ತು.

"ಅಮ್ಮ, ಏನಾದ್ರೂ ತಿನ್ನು."

"ಮನೆಗೆ ಹೋಗಿ..." ಎಂದರು. ಮುಂದಿನ ಮಾತು ತೊದಲಿತು.

ರಂಗಮ್ಮ ಓಡಿಹೋಗಿ ಬಾಳೆಹಣ್ಣಿನ ಚಿಪ್ಪು ತಂದರು. ಅಮ್ಮ ಹಣ್ಣು ನೋಡಿದರು, ಆಮೇಲೆ ಕಿಟಕಿಯ ಆಚೆ ಆಕಾಶ ನೋಡಿದರು. ಮೋಡ ಕವಿದಿತ್ತು. ಪಡುವಣ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಡಾಕ್ಟರು ಬಿಟ್ಟ ಔಷಧಿಯಿಂದ ಇನ್ನೂ ಮಂಜು ಕಟ್ಟಿದ್ದ ಕಣ್ಣು ಅವರದು.

"ಸೂರ್ಯ ಇದಾನೇನೋ, ಪುಷ್ಪ?"

ಫೋನಿನಲ್ಲಿ ಗಂಟೆ ನೋಡಿದ್ದೆ. ಸೂರ್ಯ ಮುಳುಗಿ ಆಗಿತ್ತು. ಇಲ್ಲ ಎಂದರೆ ಅಮ್ಮ ತಿನ್ನುವುದಿಲ್ಲ. ಇದ್ದಾನೆ ಎಂದರೆ ಸುಳ್ಳು. ಅಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಇನ್ನೂ ಬೆಳಕಿದೆ, ಅಮ್ಮ," ಎಂದೆ.

ಅಮ್ಮ ಬಾಯಿ ತೆರೆದರು. ಎರಡು ಹಣ್ಣು ತಿಂದ ಮೇಲೆ ಕೈಯ ನಡುಕ ನಿಂತಿತು. "ನಿಮ್ಮ ಮನೆ ಹಣ್ಣು ಸಿಹಿಯಾಗಿದೆ," ಎಂದು ರಂಗಮ್ಮನಿಗೆ ಹೇಳಿ ಹಿಂದಕ್ಕೆ ಒರಗಿದರು. ಆಟೋ ಬಂದ ಮೇಲೆ ಕಾರನ್ನು ಅಲ್ಲೇ ಬಿಟ್ಟು ಮನೆ ಸೇರಿದೆವು.

ಮರುದಿನ ಶಿವಮೊಗ್ಗದಿಂದ ದಿನೇಶ್ ಎಂಬ ಮೆಕ್ಯಾನಿಕ್ ರಂಗಮ್ಮನ ಮನೆಗೇ ಬಂದರು. ಕಾರಿಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ನೋಡಿದರು.

"ಬ್ಯಾಟರಿ ಅರ್ಧಕ್ಕರ್ಧ ಹೋಗಿದೆ ಸಾರ್. ಅದಕ್ಕೇ ನಂಬರು ಹಾಗೆ ಬಿದ್ದಿದ್ದು."

"ಹೊಸ ಬ್ಯಾಟರಿ ಅದು."

"ಇದಾ? ಇದು ಕಾರಿನ ಜೊತೆ ಕಂಪನಿಯಿಂದ್ಲೇ ಬಂದಿದ್ದು." ಅವರು ಬಾನೆಟ್ ಎತ್ತಿ ಮೂಲೆಯಲ್ಲಿದ್ದ ಸಣ್ಣ ಪೆಟ್ಟಿಗೆ ತೋರಿಸಿದರು. ಎಲ್ಲ ಕಾರಿನಲ್ಲೂ ಇರುವಂಥದ್ದು. "ಹೊಸದು ಅಂದ್ರೆ ಇದು ನೋಡಿ. ಲೈಟು, ಹಾರನ್ನು, ಡೋರ್ ಲಾಕು ಇದರಿಂದ ನಡೆಯುತ್ತೆ. ಗಾಡಿ ಓಡಿಸೋದು ಕೆಳಗಿರೋ ದೊಡ್ಡದು. ಎರಡಿರ್ತಾವೆ ಸಾರ್."

ಎರಡಿರುತ್ತವೆ. ಆ ಮಾತು ಕೇಳಿದ ಮೇಲೆ ಅವರು ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಪಾಪ, ಮಾವನಿಗೂ ಇದು ಗೊತ್ತಿರಲಿಕ್ಕಿಲ್ಲ, ಅವರಿಗೂ ಯಾರೋ ಮೋಸ ಮಾಡಿದ್ದಾರೆ ಎಂದುಕೊಂಡೆ. ಫೋನಿನಲ್ಲಿ ಅವರನ್ನು ಸಮಾಧಾನ ಮಾಡುವವನಂತೆ ಮಾತಾಡಿದೆ. ಮಾವ, "ಬರ್ತೀನಿ," ಎಂದಷ್ಟೇ ಹೇಳಿದರು.

ಎರಡು ದಿನ ಬಿಟ್ಟು ಸಂಜೆಯ ಬಸ್ಸಿಗೆ ಬಂದರು. ಅಷ್ಟರಲ್ಲಿ ಕಾರು ರಂಗಮ್ಮನ ಪ್ಲಗ್ಗಿನಲ್ಲಿ ಚಾರ್ಜ್ ಆಗಿ ತೆವಳಿಕೊಂಡು ಮನೆ ಸೇರಿತ್ತು. ಅಮ್ಮನ ಊಟ ಆಗಿತ್ತು. ಮಾವನಿಗೆ ತಟ್ಟೆ ಇಟ್ಟು ಬಡಿಸಿದರು. ಮಾವನದೂ ಅದೇ ವ್ರತ.

"ಎರಡು ಬ್ಯಾಟರಿ ಇರುತ್ತಂತೆ ಮಾವ. ನಮಗೇನು ಗೊತ್ತು," ಎಂದೆ.

ಮಾವ ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. "ನನಗೆ ಗೊತ್ತಿತ್ತು, ಪುಷ್ಪರಾಜ."

ಆಗಲೂ ಅವರು ಸುಳ್ಳು ಹೇಳಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತ ಕೂತೆ. ಹುಟ್ಟಿದಾಗಿನಿಂದ ನೋಡಿದ ಮುಖ.

"ಸಣ್ಣದು ಹೊಸದೇ. ನೀನು ಯಾವ ಬ್ಯಾಟರಿ ಅಂತ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ." ಅಮ್ಮನನ್ನು ನೋಡಿದರು. "ಜಿನಮ್ಮ, ನಾನು ಸುಳ್ಳು ಹೇಳಿಲ್ಲ."

ಹೌದು, ನಾನೇ ಕೇಳಬೇಕಿತ್ತು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅಮ್ಮ ಹೇಳಿದರು: "ಇಲ್ಲ ಅಣ್ಣ, ನೀನು ಹೇಳಿಲ್ಲ. ಇವನೂ ಹೇಳಿಲ್ಲ. ಮೊನ್ನೆ ದಾರೀಲಿ ಸೂರ್ಯ ಇದಾನೇನೋ ಅಂದ್ರೆ, ಬೆಳಕಿದೆ ಅಂದ."

"ಅಮ್ಮ, ನಿಂಗೆ ಗೊತ್ತಿತ್ತಾ?"

"ಕಣ್ಣು ಕಟ್ಟಿತ್ತು, ಕಿವಿ ಕಟ್ಟಿರಲಿಲ್ಲ. ಹಕ್ಕಿ ಎಲ್ಲ ಮರ ಸೇರಿ ಸುಮ್ಮನಾಗಿದ್ವು. ಅದನ್ನೇ ಕೇಳ್ಕೊಂಡು ಇಷ್ಟು ವರ್ಷ ಉಂಡಿದೀನಿ." ಅಮ್ಮ ಮಾವನ ಕಡೆ ತಿರುಗಿದರು. "ನಾನೂ ಬೇಕಂತಲೇ ಎರಡನೇ ಸಲ ಕೇಳಲಿಲ್ಲ. ಇವನು ಹಾಗೆ ಹೇಳಿದ್ದು ನಾನು ಬದುಕ್ಲಿ ಅಂತ. ನೀನು ಯಾಕೆ ಹಾಗೆ ಹೇಳ್ದೆ ಅಣ್ಣ?"

ಮಾವನ ಕೈ ಕನ್ನಡಕದವರೆಗೆ ಹೋಯಿತು. ಈ ಸಲ ತೆಗೆಯಲಿಲ್ಲ. "ಗಾಡಿ ನಾನೇ ವಾಪಸ್ ತಗೊಂಡು ಹೋಗ್ತೀನಿ," ಎಂದರು.

"ತೀರ್ಥಹಳ್ಳಿವರೆಗೂ ಹೋಗುತ್ತಾ ಅದು? ಆಮೆ ಬಂದ್ರೆ ನಿಲ್ಸು," ಎಂದರು ಅಮ್ಮ. ಆಮೇಲೆ ನನಗೆ, "ಮುಂದಿನ ಸಲ ಬಸ್ಸಲ್ಲೇ ಹೋಗಣ. ಬುತ್ತಿ ಕಟ್ಕೋತೀನಿ. ದಾರೀಲಿ ತಿನ್ನೋದು ಹೇಗೂ ಕಲ್ತಾಯ್ತು," ಎಂದರು.

ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಮಾವ ಬಾಗಿಲಿನ ಕಡೆ ನೋಡಿ, "ಹೊತ್ತು ಮುಳುಗಿತೇನೋ?" ಎಂದು ನನ್ನನ್ನು ಕೇಳಿದರು.

ಅಂಗಳಕ್ಕೆ ಇಳಿದು ನೋಡಿದೆ. ಆ ದಿನ ಮೋಡವಿರಲಿಲ್ಲ. ಗುಡ್ಡದ ಮೇಲೆ ಸೂರ್ಯ ಇರಲಿಲ್ಲ. ರಸ್ತೆ, ಕಾರು, ಅದರ ಗಾಜು ಎಲ್ಲ ಇನ್ನೂ ಚೆನ್ನಾಗಿ ಕಾಣುತ್ತಿದ್ದವು. ತಿರುಗಿ ಇನ್ನೊಂದು ಸಲ ನೋಡಿ ಒಳಗೆ ಬಂದೆ.

"ಮುಳುಗಿದೆ, ಮಾವ," ಎಂದೆ.

ಅವರು ತಟ್ಟೆಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದರು.